ಎರಡೂವರೆ ಕಿಲೋಗೆ ಎಷ್ಟು ದಿನ?

ಜಿಮ್‌ಗೆ ಹೊಸದಾಗಿ ಸೇರಿದವರಲ್ಲಿ ಮೂರನೆಯ ಅಥವಾ ನಾಲ್ಕನೆಯ ತಿಂಗಳಿಗೆ ಒಂದು ಬಗೆಯ ನಿರಾಸೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು. ಕೆಲವು ತಿಂಗಳ ಹಿಂದೆ ಇಪ್ಪತ್ನಾಲ್ಕರ ತರುಣನೊಬ್ಬ ತಾಯಿಯ ಜೊತೆ ನನ್ನ ಬಳಿ ಬಂದಿದ್ದ. ಒಂದು ಕೈಯಲ್ಲಿ ಪುಟ್ಟ ನೋಟ್‌ಬುಕ್, ಇನ್ನೊಂದರಲ್ಲಿ ಮಡಿಸಿದ ಚೀಟಿ. ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ಸರಳನ್ನು ಎದೆಯಿಂದ ಮೇಲಕ್ಕೆ ತಳ್ಳುವ ವ್ಯಾಯಾಮದಲ್ಲಿ ಅವನು ಮೊದಲ ಎರಡು ತಿಂಗಳಲ್ಲಿ ಬರಿಯ ಸರಳಿನ 20 ಕಿಲೋದಿಂದ 40 ಕಿಲೋಗೆ ಏರಿದ್ದ. ಆಮೇಲೆ ಆರು ವಾರ ಅಲ್ಲೇ ನಿಂತಿದ್ದ.

‘ಎರಡೂವರೆ ಕಿಲೋ ಜಾಸ್ತಿ ಮಾಡೋಕೆ ಆಗ್ತಿಲ್ಲ ಡಾಕ್ಟ್ರೇ. ನನ್ನ ಮೈಯಲ್ಲೇ ಏನೋ ದೋಷ ಇರಬೇಕು’ ಎಂದ. ತಾಯಿಯ ದೂರು ಬೇರೆ: ‘ತಿಂಗಳು ತಿಂಗಳು ದುಡ್ಡು ಕಟ್ತಾನೆ, ನೋಡೋಕೆ ಏನೂ ಕಾಣಿಸಲ್ಲ.’ ಚೀಟಿ ಬಿಡಿಸಿ ನೋಡಿದೆ. ಜಿಮ್‌ನ ಗೆಳೆಯನೊಬ್ಬ ಬರೆದುಕೊಟ್ಟ ಇಂಜೆಕ್ಷನ್ನಿನ ಹೆಸರು ಅದರಲ್ಲಿತ್ತು. ಟೆಸ್ಟೊಸ್ಟೆರಾನ್.

ಆ ಹುಡುಗನ ಮೈಯಲ್ಲಿ ಯಾವ ದೋಷವೂ ಇರಲಿಲ್ಲ. ಮೊದಲ ಎರಡು ತಿಂಗಳ ವೇಗವನ್ನೇ ತನ್ನ ಸಹಜ ವೇಗವೆಂದು ಅವನು ನಂಬಿದ್ದ, ತಪ್ಪಿದ್ದು ಅಲ್ಲಿ. ತರಬೇತಿಯ ಆರಂಭದ ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ಮಾಂಸಖಂಡ ಬೆಳೆದು ಬಂದದ್ದಲ್ಲ, ನರಮಂಡಲ ಕೆಲಸ ಕಲಿತದ್ದರಿಂದ ಬಂದದ್ದು. ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ಮೊದಲ ದಿನ ಅರ್ಧ ಕೊಡಕ್ಕೇ ತೋಳು ಸೋಲುತ್ತದೆ. ಹತ್ತು ದಿನ ಕಳೆಯುವಷ್ಟರಲ್ಲಿ ತುಂಬಿದ ಕೊಡ ಸಲೀಸಾಗಿ ಮೇಲೆ ಬರುತ್ತದೆ. ಹತ್ತು ದಿನದಲ್ಲಿ ತೋಳೇನೂ ದಪ್ಪವಾಗಿರುವುದಿಲ್ಲ. ಮೊದಲು ಸುಮ್ಮನಿದ್ದ ಸ್ನಾಯು ತಂತುಗಳನ್ನು ಮೆದುಳು ಕೆಲಸಕ್ಕೆ ಹಚ್ಚಿರುತ್ತದೆ, ಯಾವ ಸ್ನಾಯು ಯಾವಾಗ ಬಿಗಿಯಬೇಕು, ಯಾವುದು ಸಡಿಲವಾಗಬೇಕು ಎಂಬುದನ್ನು ಕಲಿತಿರುತ್ತದೆ.

ಈ ಕಲಿಕೆಯ ದೊಡ್ಡ ಭಾಗ ಮುಗಿಯುತ್ತಿದ್ದಂತೆ ಏರಿಕೆ ನಿಧಾನವಾಗುತ್ತದೆ. ಅಲ್ಲಿಂದ ಮುಂದೆ ಹೆಚ್ಚುವ ಬಲಕ್ಕೆ ಮಾಂಸಖಂಡವೇ ಬೆಳೆಯಬೇಕು. ಅದು ದಿನಗಳ ಕೆಲಸವಲ್ಲ, ತಿಂಗಳುಗಳ ಕೆಲಸ. ಹುಡುಗರು ‘ಬಲ ಬರುವುದು ನಿಂತಿತು’ ಎಂದು ಜಿಮ್ ಬಿಡುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಕಟ್ಟಡದ ನಕ್ಷೆ ಮುಗಿದು ಇಟ್ಟಿಗೆ ಇಡುವ ಕೆಲಸ ಶುರುವಾದ ದಿನವೇ ಮನೆ ಕಟ್ಟುವುದನ್ನು ಕೈಬಿಟ್ಟಂತೆ!

ತಾಳ್ಮೆಯ ಬಗ್ಗೆ ಗಾದೆ ಹೇಳಿದರೆ ಈ ವಯಸ್ಸಿನವರಿಗೆ ಸಿಟ್ಟು ಬರುತ್ತದೆ. ಆದ್ದರಿಂದ ನಾನು ಅವನಿಗೆ ಲೆಕ್ಕ ಹೇಳಿದೆ. ಸಾಮಾನ್ಯ ಜಿಮ್‌ಗಳಲ್ಲಿ ಸಿಗುವ ಅತಿ ಚಿಕ್ಕ ಪ್ಲೇಟು 1.25 ಕಿಲೋದ್ದು. ಸರಳಿನ ಎರಡೂ ಬದಿಗೆ ಒಂದೊಂದು ಹಾಕಿದರೆ 2.5 ಕಿಲೋ. ಕಾಲಿನ ವ್ಯಾಯಾಮದಲ್ಲಿ 80 ಕಿಲೋ ಹೊತ್ತು ಬಸ್ಕಿ ಹೊಡೆಯುವವನಿಗೆ ಇದು ನೂರಕ್ಕೆ ಮೂರು ಪಾಲು. 40 ಕಿಲೋ ತಳ್ಳುವವನಿಗೆ ನೂರಕ್ಕೆ ಆರು ಪಾಲಿಗಿಂತ ಹೆಚ್ಚು. ಇಪ್ಪತ್ತು ಕಿಲೋವನ್ನು ತಲೆಯ ಮೇಲಕ್ಕೆ ಎತ್ತಲು ಹೆಣಗುವ ಹೆಣ್ಣುಮಗಳಿಗೆ ಹನ್ನೆರಡೂವರೆ ಪಾಲು! ಪ್ಲೇಟು ಒಂದೇ, ಮೆಟ್ಟಿಲಿನ ಎತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಎಷ್ಟೋ ಸಲ ಸ್ನಾಯು ಬೆಳೆಯುತ್ತಲೇ ಇರುತ್ತದೆ, ಅದನ್ನು ಅಳೆಯುವ ಕಬ್ಬಿಣ ಒರಟಾಗಿರುತ್ತದೆ. ಚಿನ್ನವನ್ನು ಸೌದೆ ತೂಗುವ ತಕ್ಕಡಿಯಲ್ಲಿಟ್ಟರೆ ಮುಳ್ಳು ಅಲುಗೀತೇ?

ಇದಕ್ಕೆ ಉಪಾಯ ಸರಳ. ಭಾರ ಹೆಚ್ಚಿಸಲಾಗದಿದ್ದರೆ ಸಲ ಹೆಚ್ಚಿಸಿ. 40 ಕಿಲೋವನ್ನು ಒಂದು ಸೆಟ್‌ನಲ್ಲಿ ಆರು ಸಲ ಎತ್ತುತ್ತಿದ್ದವರು ಏಳು, ಎಂಟು, ಹತ್ತು ಸಲ ಎತ್ತುವವರೆಗೆ ಕಾಯಿರಿ. ಎಲ್ಲ ಸೆಟ್‌ಗಳಲ್ಲೂ ಹತ್ತು ಸಲ ಸಲೀಸಾದ ಮೇಲೆ ಚಿಕ್ಕ ಪ್ಲೇಟು ಹಾಕಿ. ಅರ್ಧ ಕಿಲೋ ಪ್ಲೇಟುಗಳು ಸಿಕ್ಕಿದರೆ ಇನ್ನೂ ಒಳ್ಳೆಯದು. ನಮ್ಮ ಹುಡುಗನ ನೋಟ್‌ಬುಕ್ ತಿರುವಿ ಹಾಕಿದಾಗ ಕಂಡದ್ದೂ ಇದೇ: ‘ನಿಂತುಹೋದ’ ಆರು ವಾರಗಳಲ್ಲಿ ಅವನು ಅದೇ ನಲವತ್ತು ಕಿಲೋವನ್ನು ಐದು ಸಲದಿಂದ ಎಂಟು ಸಲಕ್ಕೆ ಒಯ್ದಿದ್ದ. ಬರೆದದ್ದು ಅವನೇ, ಓದಿರಲಿಲ್ಲ ಅಷ್ಟೆ.

ಇನ್ನೊಂದು ಲೆಕ್ಕವನ್ನೂ ಅವನ ಮುಂದಿಟ್ಟೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ನಾಲ್ಕು ವರ್ಷಗಳ ನಡುವಿನ ಅಂತರ 20 ಕಿಲೋ, ಅದೂ 56 ಕಿಲೋ ದೇಹತೂಕದ ವಿಭಾಗದಿಂದ 61 ಕಿಲೋ ವಿಭಾಗಕ್ಕೆ ಹೋದ ಮೇಲೆ. ಎರಡು ಎತ್ತುವಿಕೆಗೆ ಹಂಚಿದರೆ ಒಂದೊಂದಕ್ಕೆ ವರ್ಷಕ್ಕೆ ಸರಾಸರಿ ಎರಡೂವರೆ ಕಿಲೋ! ಅನುಭವ ಹೆಚ್ಚಿದಂತೆ ಏರಿಕೆ ನಿಧಾನವಾಗುತ್ತದೆಂಬುದು ನಿಜ. ಹಾಗಿದ್ದರೂ, ಅಂತರರಾಷ್ಟ್ರೀಯ ಪದಕ ಗೆದ್ದವರ ಒಂದು ವರ್ಷದ ಏರಿಕೆಯನ್ನು ಆರು ವಾರದಲ್ಲಿ ಪಡೆಯಲಾಗಲಿಲ್ಲವೆಂದು ಈ ಹುಡುಗ ಅಳುಮೋರೆ ಹಾಕಿಕೊಂಡು ಕೂತಿದ್ದ.

ನಮ್ಮ ಹಳೆಯ ಗರಡಿಮನೆಗಳಲ್ಲಿ ಹೊಸಬನ ಕೈಗೆ ಮೊದಲ ದಿನವೇ ದೊಡ್ಡ ಗದೆ ಕೊಡುತ್ತಿರಲಿಲ್ಲ. ಮಟ್ಟಿಯ ಮಣ್ಣನ್ನು ಅಗೆದು ಹದಮಾಡುವುದು, ದಂಡ, ಬಸ್ಕಿ, ಹೀಗೆ ಸಾಗುತ್ತಿತ್ತು ಅವನ ದಿನಚರಿ. ಉಸ್ತಾದರಿಗೆ ಶರೀರಶಾಸ್ತ್ರ ಗೊತ್ತಿತ್ತೋ ಇಲ್ಲವೋ, ಪದ್ಧತಿಯಲ್ಲಿ ವಿವೇಕವಿತ್ತು. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತಪೂರೈಕೆ ಕಡಿಮೆ. ಮಾಂಸಖಂಡಕ್ಕಿಂತ ಅವು ನಿಧಾನವಾಗಿ ಗಟ್ಟಿಯಾಗುತ್ತವೆ. ಸ್ನಾಯು ‘ಆಗುತ್ತೆ’ ಎಂದರೂ ರಜ್ಜು ಇನ್ನೂ ಸಿದ್ಧವಾಗಿರುವುದಿಲ್ಲ. ಆತುರಪಟ್ಟು ಭಾರ ಏರಿಸಿದವರ ಭುಜ ಮತ್ತು ಮೊಣಕೈಗಳಲ್ಲಿ ತಿಂಗಳುಗಟ್ಟಲೆ ನೋವು ಕೂರಲು ಒಂದು ಮುಖ್ಯ ಕಾರಣ ಇದು. ನಿಧಾನದ ಏರಿಕೆ ಒಂದು ರೀತಿಯಲ್ಲಿ ಕೀಲುಗಳಿಗೆ ಸಿಗುವ ರಕ್ಷಣೆ.

ಈಗ ಆ ಚೀಟಿಯ ವಿಷಯ. ವೈದ್ಯರ ಸಲಹೆಯಿಲ್ಲದೆ ಇಂಥ ಇಂಜೆಕ್ಷನ್ ತೆಗೆದುಕೊಂಡರೆ ಭಾರ ಏರುವುದು ನಿಜ, ಸುಳ್ಳು ಹೇಳಿ ಹೆದರಿಸುವುದು ನನಗೆ ಇಷ್ಟವಿಲ್ಲ. ಆದರೆ ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನ ಉತ್ಪಾದನೆಯನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಶೂನ್ಯಕ್ಕೂ ಇಳಿಯಬಹುದು. ರಕ್ತದೊತ್ತಡ ಏರಬಹುದು, ಒಳ್ಳೆಯ ಕೊಲೆಸ್ಟರಾಲ್ ಕುಸಿಯುತ್ತದೆ, ಹೃದಯದ ಗೋಡೆ ದಪ್ಪವಾಗಬಹುದು. ಇಂಜೆಕ್ಷನ್ ಬಿಟ್ಟ ಮೇಲೆ ದೇಹದ ಉತ್ಪಾದನೆ ಮರಳಲು ತಿಂಗಳುಗಳು ಬೇಕು, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ. ಎರಡೂವರೆ ಕಿಲೋಗೆ ಇಷ್ಟು ಬೆಲೆಯೇ ಎಂದು ತಾಯಿಯ ಎದುರಿಗೇ ಕೇಳಿದೆ. ಆಕೆಗೆ ಚೀಟಿಯಲ್ಲಿ ಏನಿದೆಯೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ‘ಏನೂ ಕಾಣಿಸಲ್ಲ’ ಎಂಬ ಮಾತು ದಿನವೂ ಊಟದ ಹೊತ್ತಿಗೆ ಕಿವಿಗೆ ಬಿದ್ದರೆ ಹುಡುಗರು ಇಂಥ ಚೀಟಿ ಹಿಡಿಯುತ್ತಾರೆಂಬುದನ್ನು ತಂದೆತಾಯಿಗಳು ಗಮನಿಸಬೇಕು. ಕನ್ನಡಿ ಮತ್ತು ಮೊಬೈಲಿನ ಚಿತ್ರಗಳು ಅವರನ್ನು ಕಾಡುವುದೇ ಸಾಕು.

ಅವನ ದಿನಚರಿಯನ್ನೂ ವಿಚಾರಿಸಿದೆ. ಬೆಳಿಗ್ಗೆ ಎರಡು ಇಡ್ಲಿ, ಕಾಫಿ. ಮಧ್ಯಾಹ್ನ, ರಾತ್ರಿ ಅನ್ನ ಸಾರು. ನಿದ್ದೆ ಐದು ಗಂಟೆ, ವಾರಕ್ಕೆ ಆರು ದಿನ ಜಿಮ್. ಸ್ನಾಯು ಬೆಳೆಯುವುದು ಭಾರ ಎತ್ತುವಾಗ ಅಲ್ಲ, ಎತ್ತಿ ಬಂದ ನಂತರದ ಒಂದೆರಡು ದಿನಗಳಲ್ಲಿ. ಆದ್ದರಿಂದ ಹೊಸಬರಿಗೆ ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವಿರಲಿ. ನಿದ್ದೆ ಏಳೆಂಟು ಗಂಟೆ ಬೇಕು. ಪ್ರೋಟೀನು ದೇಹತೂಕದ ಪ್ರತಿ ಕಿಲೋಗೆ ಸುಮಾರು 1.2ರಿಂದ 1.6 ಗ್ರಾಂ. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಡಬ್ಬದ ಪುಡಿಯೇ ಬೇಕೆಂದಿಲ್ಲ. ಹುರುಳಿ, ಹೆಸರುಕಾಳು, ಕಡಲೆಕಾಯಿ, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವೆಯಲ್ಲ. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನಿದೆ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ.

ನಿಧಾನವೆಲ್ಲವೂ ಸಹಜವೆಂದು ಸುಮ್ಮನಿರಲೂ ಬಾರದು. ನಿಂತಲ್ಲೇ ನಿಲ್ಲುವುದು ಬೇರೆ, ವಾರದಿಂದ ವಾರಕ್ಕೆ ಬಲ ಕುಂದುವುದು ಬೇರೆ. ಸದಾ ಸುಸ್ತು, ಏದುಸಿರು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳಿಗಾಗಿ ಪರೀಕ್ಷಿಸಬೇಕು. ಎದೆನೋವು ಬಂದರೆ ಭಾರವನ್ನು ಅಲ್ಲೇ ಇಳಿಸಿ ತಕ್ಷಣ ಆಸ್ಪತ್ರೆಗೆ ಹೋಗಿ.

ಎರಡು ತಿಂಗಳ ನಂತರ ತಾಯಿ ತಮ್ಮ ಮಂಡಿನೋವಿಗೆಂದು ಬಂದರು. ಮಗನ ವಿಷಯ ಕೇಳಿದೆ. 45 ಕಿಲೋ ಆಗಿದೆಯಂತೆ, ನೋಟ್‌ಬುಕ್ ಎರಡನೆಯದಂತೆ. ‘ನನಗಂತೂ ಈಗಲೂ ಏನೂ ಕಾಣಿಸಲ್ಲ ಬಿಡಿ’ ಎಂದು ನಕ್ಕರು. ಸ್ವಲ್ಪ ತಡೆದು, ‘ಆದರೆ ಗ್ಯಾಸ್ ಸಿಲಿಂಡರ್ ಬಂದರೆ ಪಕ್ಕದ ಮನೆಯವರನ್ನ ಕರೆಯೋದು ತಪ್ಪಿದೆ. ಒಬ್ಬನೇ ಎತ್ತಿ ಒಳಗಿಡ್ತಾನೆ’ ಎಂದರು. ತುಂಬಿದ ಸಿಲಿಂಡರ್ ಸುಮಾರು ಮೂವತ್ತು ಕಿಲೋ ತೂಗುತ್ತದೆ.