ಆಯಾಳ ವೇತನವೂ ಅಣುವ್ರತದ ಲೆಕ್ಕವೇ

ಚೆನ್ನೈನ ಬೆಸೆಂಟ್ ನಗರದಲ್ಲಿ ಪತಿಪತ್ನಿಯರಿಬ್ಬರೂ ಉದ್ಯೋಗದಲ್ಲಿರುವ ಕನ್ನಡ ಜೈನ ಕುಟುಂಬಕ್ಕೆ ಮಧ್ಯಾಹ್ನ ಮೂರೂವರೆಯಿಂದ ಸಂಜೆ ಏಳೂವರೆಯವರೆಗಿನ ನಾಲ್ಕು ಗಂಟೆಗಳೇ ದಿನದ ಕಠಿಣ ಭಾಗ. ಹನ್ನೊಂದು ವರ್ಷದ ಮಗುವಿಗೆ ತೊಟ್ಟಿಲು ತೂಗುವವರು ಬೇಕಿಲ್ಲ. ಆದರೆ ಶಾಲೆಯಿಂದ ಬಂದಾಗ ಬಾಗಿಲು ತೆರೆಯುವವರು, ಸೂರ್ಯಾಸ್ತಕ್ಕೆ ಮುನ್ನ ಊಟ ಬಡಿಸುವವರು ಬೇಕು. ತಾಯಿತಂದೆ ಕಚೇರಿಯಿಂದ ಮರಳುವ ವೇಳೆಗೆ ಸೂರ್ಯ ಮುಳುಗಿರುತ್ತಾನೆ. ಮಕ್ಕಳ ರಾತ್ರಿಭೋಜನ ತ್ಯಾಗ ನಡೆಯುವುದು ಮತ್ತೊಬ್ಬ ಮಹಿಳೆಯ ಕೈಯಿಂದ.

ಆಕೆ ಊರೂರು ಕುಪ್ಪದಿಂದ ನಡೆದು ಬರಬಹುದು, ಕಣ್ಣಗಿ ನಗರದಿಂದ ಬಸ್ಸಿನಲ್ಲಿ ಬರಬಹುದು. 2021ರ ಮೇ ತಿಂಗಳಿಂದ ಸಾಮಾನ್ಯ ದರದ ನಗರ ಬಸ್ಸುಗಳಲ್ಲಿ ಆಕೆಗೆ ಟಿಕೆಟ್ಟಿನ ಖರ್ಚಿಲ್ಲ. ಆದರೆ ಆಕೆಯ ಮಕ್ಕಳೂ ಅದೇ ಹೊತ್ತಿಗೆ ಶಾಲೆಯಿಂದ ಮರಳುತ್ತಾರೆ; ಆ ಮನೆಯ ಬಾಗಿಲು ತೆರೆಯುವವರು ಯಾರೆಂದು ಕೇಳುವವರಿಲ್ಲ.

ಸರ್ಕಾರವೂ ಕೇಳಿದ್ದು ಅರ್ಧ ಮಾತ್ರ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು ಐವತ್ತಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಶಾಲೆಗೆ ಹೋಗುವ ಮಕ್ಕಳ ಸಂಜೆಗೆ ಅದರಿಂದ ಪರಿಹಾರವಿಲ್ಲ. ಅಮೆರಿಕದಲ್ಲಿ ಹದಿಮೂರರೊಳಗಿನ ಮಕ್ಕಳ ಪಾಲನಾ ವೆಚ್ಚಕ್ಕೆ ತೆರಿಗೆ ವಿನಾಯಿತಿಯುಂಟು. ಭಾರತದ ಹಳೆಯ ತೆರಿಗೆ ಪದ್ಧತಿಯಲ್ಲಿ ಶಾಲೆಯ ಬೋಧನಾ ಶುಲ್ಕಕ್ಕೆ ಉಂಟು, ಆಯಾಳ ವೇತನಕ್ಕಿಲ್ಲ. ಕರ್ನಾಟಕ 2004ರಲ್ಲೇ ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿತು. ತಮಿಳುನಾಡು 2007ರಲ್ಲಿ ಅವರಿಗಾಗಿ ಕಲ್ಯಾಣ ಮಂಡಳಿ ರಚಿಸಿತು. ಆದರೆ 2011ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಮನೆಕೆಲಸದವರ ರಕ್ಷಣೆಗೆ ಪ್ರತ್ಯೇಕ ಕಾನೂನಿನ ಸಾಧ್ಯತೆಯನ್ನು ಪರಿಶೀಲಿಸಲು ಸಮಿತಿ ರಚಿಸಬೇಕೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಸೂಚಿಸಬೇಕಾಯಿತು.

ಕಾನೂನು ಬರುವವರೆಗೆ ಶ್ರಾವಕರು ಕಾಯಬೇಕಾಗಿಲ್ಲ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ಇವನ್ನು ಎತ್ತು ಕುದುರೆಗಳಿಗಷ್ಟೇ ಸೀಮಿತಗೊಳಿಸಿ ಓದುವುದು ಅನುಕೂಲದ ಓದು. ಅದೇ ಗ್ರಂಥ ಪರಿಗ್ರಹದ ಪಟ್ಟಿಯಲ್ಲಿ ದಾಸೀದಾಸರನ್ನು ಹೊಲ, ಮನೆ, ಬಂಗಾರದ ಜೊತೆಗೆ ಹೆಸರಿಸುತ್ತದೆ. ಅದು ಅಂದಿನ ಸಮಾಜದ ಸ್ಥಿತಿ. ಇಂದು ಆಕೆ ಸ್ವತ್ತಲ್ಲ, ನೌಕರಳು.

ಒಂದು ಸರಳ ಲೆಕ್ಕ ನೋಡಬಹುದು. ದಿನಕ್ಕೆ 4 ಗಂಟೆಯಂತೆ 22 ದಿನಗಳಿಗೆ 88 ಗಂಟೆ. ಬೇಸಿಗೆ ರಜೆಯಲ್ಲಿ ಮಗು ಇಡೀ ದಿನ ಮನೆಯಲ್ಲಿದ್ದರೆ ದಿನಕ್ಕೆ 10 ಗಂಟೆ, ತಿಂಗಳಿಗೆ 220. ದುಡಿಮೆ ಎರಡೂವರೆ ಪಟ್ಟು, ಸಂಬಳ ಮಾತ್ರ ಅಷ್ಟೇ ಎಂದರೆ 132 ಗಂಟೆಗಳ ಕೂಲಿ ಯಾವ ಖಾತೆಗೆ ಹೋಯಿತು? "ಮಗು ದೊಡ್ಡದು, ಸುಮ್ಮನೆ ಕುಳಿತಿರುತ್ತಾಳೆ" ಎಂದು ಪಾತ್ರೆ, ಬಟ್ಟೆ, ಇಸ್ತ್ರಿಗಳನ್ನು ಸೇರಿಸುತ್ತಾ ಹೋಗುವುದೂ ಅತಿಭಾರವೇ.

ಪರಿಹಾರ ದೊಡ್ಡದೇನಲ್ಲ. ಕೆಲಸ ಯಾವುದು, ಎಷ್ಟು ಗಂಟೆ, ವಾರದ ರಜೆ, ರಜಾಕಾಲದ ಹೆಚ್ಚುವರಿ ವೇತನ, ಆಕೆಯ ಸಂಜೆಯ ಊಟ: ಇಷ್ಟನ್ನು ಆಕೆಗೆ ತಿಳಿಯುವ ತಮಿಳಿನಲ್ಲಿ ಒಂದು ಹಾಳೆಯ ಮೇಲೆ ಬರೆದು ಎರಡು ಪ್ರತಿ ಮಾಡಿಟ್ಟುಕೊಳ್ಳಬೇಕು. ವೇತನ ಬ್ಯಾಂಕ್ ಖಾತೆಗೆ ಜಮೆಯಾಗಬೇಕು. ಕಲ್ಯಾಣ ಮಂಡಳಿಯಲ್ಲಿ ಆಕೆಯ ನೋಂದಣಿಗೆ ಮನೆಯವರು ನೆರವಾಗಬೇಕು. ಮಗುವಿಗೆ ಸೂರ್ಯಾಸ್ತಕ್ಕೆ ಮುನ್ನ ಬಡಿಸುವ ಕೈಗೆ ನ್ಯಾಯ ಸಲ್ಲದಿದ್ದರೆ ಆ ಮನೆಯ ವ್ರತ ಅಪೂರ್ಣ.