ಸಂಪಾದಕರ ಮಾತು: ಬೇಹುಗಾರನ ಕಥೆ ಎಷ್ಟು ಊರು ಸುತ್ತಬೇಕು?

ಬೇಹುಗಾರಿಕೆಯ ಕಾದಂಬರಿಗೆ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಲು ನಮ್ಮಲ್ಲಿ ಈಗಲೂ ಹಿಂದೆಮುಂದೆ ನೋಡುತ್ತಾರೆ. ಜೋಸೆಫ್ ಕಾನ್ರಾಡ್ 1907ರಲ್ಲೇ ‘ದಿ ಸೀಕ್ರೆಟ್ ಏಜೆಂಟ್’ ಬರೆದಿದ್ದರು. ಗ್ರಹಾಂ ಗ್ರೀನ್ ಗುಪ್ತಚರ ಸಂಸ್ಥೆಯಲ್ಲಿ ದುಡಿದ ಅನುಭವವನ್ನು ‘ದಿ ಹ್ಯೂಮನ್ ಫ್ಯಾಕ್ಟರ್’ವರೆಗೂ (1978) ತಂದರು. ಸುಳ್ಳು ಹೇಳುವುದೇ ಕಸುಬಾದವನು ಮನೆಯವರ ಮುಂದೆ ಹೇಗೆ ಬದುಕುತ್ತಾನೆ? ದೇಶಕ್ಕೆ ನಿಷ್ಠನಾಗಿರಲು ಗೆಳೆಯನಿಗೆ ದ್ರೋಹ ಬಗೆಯಬಹುದೇ? ಒಳ್ಳೆಯ ಕಾದಂಬರಿಗಳೆಲ್ಲ ಕೇಳುತ್ತ ಬಂದ ಇಂಥ ಪ್ರಶ್ನೆಗಳಿಗೆ ಇಲ್ಲಿ ಪ್ರಾಣಭಯವೂ ಸೇರಿಕೊಳ್ಳುತ್ತದೆ. ಈ ಪ್ರಕಾರ ನಮ್ಮನ್ನು ಹಿಡಿದಿಡುವುದು ಅದರಿಂದಲೇ.

ಜಾನ್ ಲ ಕಾರೆ (1931–2020) ಅವರ ‘ಟಿಂಕರ್ ಟೇಲರ್ ಸೋಲ್ಜರ್ ಸ್ಪೈ’ (1974) ನೋಡಿ. ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಉನ್ನತ ಸ್ಥಾನದಲ್ಲೇ ಕೂತ ಸೋವಿಯತ್ ಏಜೆಂಟನನ್ನು ಜಾರ್ಜ್ ಸ್ಮೈಲಿ ಪತ್ತೆ ಹಚ್ಚಬೇಕು. 1963ರಲ್ಲಿ ಬೇರೂತಿನಿಂದ ಸೋವಿಯತ್ ಒಕ್ಕೂಟಕ್ಕೆ ಪರಾರಿಯಾದ ಬ್ರಿಟಿಷ್ ಗುಪ್ತಚರ ಸಂಸ್ಥೆಯ ಮಾಜಿ ಅಧಿಕಾರಿ ಕಿಮ್ ಫಿಲ್ಬಿಯ ನೆರಳು ಕಥೆಯ ಮೇಲಿದೆ. ಅದರಲ್ಲಿ ಉಸಿರು ಬಿಗಿಹಿಡಿದು ಓದಿಸುವ ಒಂದು ಪ್ರಸಂಗದಲ್ಲಿ ಆಗುವುದಿಷ್ಟೇ: ಸ್ಮೈಲಿಯ ಸಹಾಯಕ ಪೀಟರ್ ಗಿಲಮ್ ತನ್ನದೇ ಕಚೇರಿಯ ದಾಖಲೆ ಕೋಣೆಯಿಂದ ಒಂದು ಕಡತ ಕದಿಯುತ್ತಾನೆ. ಅದೇ ದಿನ ಮೇಲಿನ ಮಹಡಿಯಿಂದ ಅವನಿಗೆ ಬುಲಾವ್ ಬರುತ್ತದೆ. ಹಿರಿಯ ಅಧಿಕಾರಿಗಳು ಸುತ್ತ ಕೂತು ಪ್ರಶ್ನೆ ಹಾಕುತ್ತಾರೆ. ಅವರಲ್ಲೇ ಒಬ್ಬ ದ್ರೋಹಿ. ಗುಂಡು ಹಾರುವುದಿಲ್ಲ, ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ವರ್ಷಗಟ್ಟಲೆ ಜೊತೆಗೆ ದುಡಿದವರ ಕಣ್ಣಿಗೆ ಕಣ್ಣು ಕೊಡಲಾರದ ಮನುಷ್ಯನ ಎದೆಬಡಿತ ನಮಗೆ ಕೇಳುತ್ತದೆ.

ಇದೇ ಕಾದಂಬರಿಯ ಹಾಂಗ್‌ಕಾಂಗ್ ಪ್ರಸಂಗವೊಂದನ್ನು ಲ ಕಾರೆ ಹಳೆಯ ಪ್ರವಾಸಿ ಕೈಪಿಡಿಯನ್ನು ನೆಚ್ಚಿ, ಸ್ಟಾರ್ ಫೆರಿ ದೋಣಿಯ ಮೇಲೆ ನಡೆಸಿದ್ದರು. ಆಮೇಲೆ ಅಲ್ಲಿಗೇ ಹೋದಾಗ, ಕಡಲಡಿಯಲ್ಲಿ ಸುರಂಗ ರಸ್ತೆ ಬಂದಿರುವುದು ಗೊತ್ತಾಯಿತು. ಅದು 1972ರಲ್ಲೇ ತೆರೆದಿತ್ತು. ಕಣ್ಣಾರೆ ಕಾಣದ ಜಾಗವನ್ನು ಇನ್ನು ಬರೆಯಬಾರದೆಂದು ಅವರು ನಿಶ್ಚಯಿಸಿದರು. ಲೇಖಕನಿಗೆ ಇರಲೇಬೇಕಾದ ನಿಷ್ಠೆ ಅದು. ಆದರೆ ಅದಕ್ಕೂ ಒಂದು ಅಪಾಯವಿದೆ.

ಮುಂದಿನ ಕಾದಂಬರಿ ‘ದಿ ಆನರಬಲ್ ಸ್ಕೂಲ್‌ಬಾಯ್’ (1977) ಬರೆಯಲು ಅವರು ಆಗ್ನೇಯ ಏಷ್ಯಾ ಸುತ್ತಿದರು. ಹಾಂಗ್‌ಕಾಂಗ್, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್, ವಿಯೆಟ್ನಾಂ ಎಲ್ಲವೂ ಅದರೊಳಗೆ ಬಂದವು. ಚಂಡಮಾರುತ ಅಪ್ಪಳಿಸುವ ಶನಿವಾರ ಹಾಂಗ್‌ಕಾಂಗಿನ ಪತ್ರಕರ್ತರು ಕ್ಲಬ್ಬಿನಲ್ಲಿ ಕಾಲ ಕಳೆಯುವ ಆರಂಭ, ಅಮೆರಿಕದ ಯುದ್ಧ ಮುಗಿಯುತ್ತಿದ್ದ ದಿನಗಳ ಕುಸಿತದ ಚಿತ್ರ ಇವು ಇಂದಿಗೂ ಜೀವಂತ. ಆದರೆ ಊರು ಹೆಚ್ಚಿದಂತೆ ಒಳಗಿನ ಬಿಗಿ ಸಡಿಲಿತು. ಪತ್ರಕರ್ತ ವೇಷದ ಬೇಹುಗಾರ ಜೆರ್ರಿ ವೆಸ್ಟರ್ಬಿ ಪ್ರಾಣ ಪಣಕ್ಕಿಡುವುದು ಲಿಜ್ಜಿ ಎಂಬ ಹೆಣ್ಣಿಗಾಗಿ. ಆಕೆಯ ಚಿತ್ರ ಮಾತ್ರ ತೆಳುವಾಗಿದೆ. ಹೀಗಾಗಿ ಅವನ ಅಷ್ಟು ದೊಡ್ಡ ನಿರ್ಧಾರಕ್ಕೆ ನಮ್ಮ ಮನಸ್ಸು ಒಪ್ಪುವುದಿಲ್ಲ. ಕಂಡದ್ದನ್ನೆಲ್ಲ ಬರೆಯಬೇಕೆಂಬ ಆಸೆ ಪಾತ್ರಕ್ಕೆ ಸಲ್ಲಬೇಕಾದ ಪುಟಗಳನ್ನು ತಿಂದುಹಾಕುತ್ತದೆ.

ನಾರ್ಮನ್ ಮೇಯ್ಲರ್ ಅವರದ್ದು ಇನ್ನೂ ದೊಡ್ಡ ಸಾಹಸ. ಸಿಐಎ ಕುರಿತ ‘ಹಾರ್ಲಟ್ಸ್ ಘೋಸ್ಟ್’ (1991) ಸಾವಿರದ ಮುನ್ನೂರು ಪುಟ ದಾಟಿಯೂ ‘ಮುಂದುವರಿಯುವುದು’ ಎಂದೇ ನಿಂತಿತು. ಮುಂದಿನ ಭಾಗ ಬರಲೇ ಇಲ್ಲ.

ಲ ಕಾರೆ ದಾರಿ ಕಂಡುಕೊಂಡರು. ‘ಸ್ಮೈಲೀಸ್ ಪೀಪಲ್’ (1979) ಪ್ಯಾರಿಸಿನಲ್ಲಿರುವ ರಷ್ಯನ್ ವಲಸಿಗ ಮಹಿಳೆಯೊಬ್ಬಳಿಂದ ಶುರುವಾಗಿ, ಸ್ಮೈಲಿಯ ಸೋವಿಯತ್ ಶತ್ರು ಕಾರ್ಲಾ ತನ್ನ ಮಗಳಿಗಾಗಿ ಮಾಡಿದ ತಪ್ಪಿನ ಬಳಿಗೆ ಬಂದು ನಿಲ್ಲುತ್ತದೆ. ಇಡೀ ಶೀತಲ ಸಮರ ಒಬ್ಬ ತಂದೆಯ ಸಂಕಟದೊಳಗೆ ಬಂದು ಕೂರುತ್ತದೆ. ಮಹತ್ವಾಕಾಂಕ್ಷೆ ಎಂದು ನಾವು ಕರೆಯಬೇಕಾದದ್ದು ಇದನ್ನೇ.

ಕನ್ನಡದಲ್ಲಿ ಬೇಹುಗಾರಿಕೆಯ ಕಥೆ ಬರೆಯಹೊರಟವರಿಗೆ ಮಾಸ್ಕೋ, ಬರ್ಲಿನ್ ಬೇಕಿಲ್ಲ. ಏಲಕ್ಕಿ ವ್ಯಾಪಾರದ ಸುತ್ತ ಎಂಥ ರೋಚಕ ಜಗತ್ತನ್ನು ಕಟ್ಟಬಹುದೆಂದು ತೇಜಸ್ವಿಯವರ ‘ಜುಗಾರಿ ಕ್ರಾಸ್’ ತೋರಿಸಿಕೊಟ್ಟಿದೆ. ಕಾರವಾರದ ನೌಕಾನೆಲೆ, ಬೆಂಗಳೂರಿನ ರಕ್ಷಣಾ ಪ್ರಯೋಗಾಲಯಗಳು, ಗುಟ್ಟು ಕಾಯುವ ಕೆಲಸದವರ ಮನೆಗಳು ನಮ್ಮ ನಡುವೆಯೇ ಇವೆ. ಊರೂರು ತಿರುಗಿ ನೋಡಿ, ಬೇಕಾದ್ದನ್ನೆಲ್ಲ ತಿಳಿದುಕೊಳ್ಳಿ. ಆಮೇಲೆ ಒಬ್ಬನೇ ಮನುಷ್ಯನನ್ನು ಬಿಡದೆ ಹಿಂಬಾಲಿಸಿ. ಅಂಥ ಬರಹಕ್ಕೆ ಈ ಪತ್ರಿಕೆಯಲ್ಲಿ ಸದಾ ಜಾಗವಿದೆ.