ಸದ್ದಡಗಿಸುವ ಜಾಣರು

ನಮ್ಮ ಮನೆಯ ಜೀಪಿಗೆ ಕಾಯಿಲೆ ಬಂದಿದೆಯೆಂದು ಮೊದಲು ತಿಳಿದದ್ದು ನನಗೆ. ಅದು ಕಾಯಿಲೆಯೇ ಹೌದೆಂದು ಉಳಿದವರು ಒಪ್ಪಲು ಹಿಡಿದದ್ದು ಐದು ತಿಂಗಳು. ಆ ಐದು ತಿಂಗಳ ಸಿಟ್ಟನ್ನು ಇಲ್ಲಿ ಬರೆದು ಕಳೆದುಕೊಳ್ಳುತ್ತಿದ್ದೇನೆ.

ಹೆಂಗಸರು ಓದುವ ಪುಟದಲ್ಲಿ ಜೀಪಿನ ಕಥೆ ಯಾಕೆ ಎಂದು ಮೂಗು ಮುರಿಯಬೇಡಿ. ಜೀಪಿನಲ್ಲಿ ಕೂರುವವರು ನಾವೂ ಹೌದಲ್ಲವೇ? ನಮ್ಮ ಮಲೆನಾಡಿನಲ್ಲಿ ಬಸ್ಸು ಬಾರದ ತೋಟಗಳಿಗೆ ಬಾಣಂತಿಯನ್ನು ಕರೆತಂದದ್ದೂ ಜೀಪೇ, ಮದುವೆಯ ದಿಬ್ಬಣ ಹೊತ್ತದ್ದೂ ಜೀಪೇ, ಗೊಬ್ಬರದ ಮೂಟೆ ಎಳೆದದ್ದೂ ಜೀಪೇ. ಯುದ್ಧಕ್ಕೆಂದು ಅಮೆರಿಕದವರು ಮಾಡಿದ ಈ ಗಾಡಿಯನ್ನು 1947ರಲ್ಲಿ ಮುಂಬಯಿಯ ಮಹೀಂದ್ರದವರು ನಮ್ಮಲ್ಲಿ ಜೋಡಿಸಲು ಶುರುಮಾಡಿದರು. ಅಂದಿನಿಂದ ಅದು ಘಟ್ಟದ ಊರುಗಳಲ್ಲಿ ಮನೆಯ ಎತ್ತಿನ ಹಾಗೆ ದುಡಿದಿದೆ. ನಾನು ಇತಿಹಾಸ ಪಾಠ ಹೇಳುವ ಬಿ.ಎ., ಬಿ.ಎಡ್. ಮೇಷ್ಟರಮ್ಮ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತವಳು. ತೋಟದಿಂದ ಶಾಲೆಗೆ ಹದಿನಾಲ್ಕು ಕಿಲೋಮೀಟರು, ನಡುವೆ ಎರಡು ಹಳ್ಳ. ಮಳೆಗಾಲದಲ್ಲಿ ಹಳ್ಳದ ನೀರು ಜೀಪಿನ ಹೊಟ್ಟೆ ಮುಟ್ಟುತ್ತದೆ.

ಒಂದು ಮಳೆಗಾಲ ಮುಗಿದು ದಸರಾ ರಜೆ ಕಳೆದು ಶಾಲೆ ತೆರೆದ ವಾರ, ಹಿಂದಿನಿಂದ ಏನೋ ಸದ್ದು. ಆಕ್ಸಿಲರೇಟರ್ ಒತ್ತಿದರೆ ದೂರದಲ್ಲಿ ಜೇನುಹುಳುಗಳು ಎದ್ದ ಹಾಗೆ ಗುಂಯ್ ಎನ್ನುವುದು. ಕಾಲು ತೆಗೆದರೆ ಅದೇ ಸದ್ದು ಗರಗರ ಎಂದು ಬೇರೆ ರಾಗಕ್ಕೆ ತಿರುಗುವುದು. ಮನೆಗೆ ಬಂದು ಯಜಮಾನರಿಗೆ ಹೇಳಿದೆ.

"ಹಳೇ ಜೀಪು ಹಾಡದೆ ಇನ್ನೇನು ಮಾಡತ್ತೆ? ರೇಡಿಯೋ ಜೋರಾಗಿ ಹಾಕ್ಕೋ" ಎಂದರು.

ಪೇಟೆಯ ಗ್ಯಾರೇಜಿಗೆ ಹೋದೆ. ಅಲ್ಲಿನವನು ಕೈ ಒರೆಸಿಕೊಳ್ಳುತ್ತ, "ಮೇಡಂ, ಗಾಡಿ ಅಂದ್ಮೇಲೆ ಸೌಂಡು ಇದ್ದೇ ಇರತ್ತೆ. ನಿಮಗೆ ಗೊತ್ತಾಗಲ್ಲ. ಸಾರ್ ಬರ್ಲಿ, ಮಾತಾಡ್ತೀನಿ" ಎಂದ. ಸಾರ್ ಹೋದರು, ಮಾತಾಡಿದರು, ಕಾಫಿ ಕುಡಿದು ಬಂದರು. ಸದ್ದು ಹಾಗೇ ಇತ್ತು.

ನಿಮಗೆ ಗೊತ್ತಾಗಲ್ಲ! ಈ ಒಂದು ಮಾತಿಗೆ ನನ್ನ ತಕರಾರು. ಸದ್ದು ಕೇಳಿಯೇ ಸಂಸಾರ ನಡೆಸುವವರು ನಾವು. ಗ್ರೈಂಡರಿನಲ್ಲಿ ಹಿಟ್ಟು ನುಣ್ಣಗಾಯಿತೆಂದು ಹೇಳುವುದು ಸದ್ದು. ಒಗ್ಗರಣೆಗೆ ಯಾವಾಗ ಕರಿಬೇವು ಹಾಕಬೇಕೆಂದು ಹೇಳುವುದು ಸದ್ದು. ಮಗು ಹಸಿದು ಅಳುತ್ತಿದೆಯೋ ಕಿವಿನೋವಿಗೆ ಅಳುತ್ತಿದೆಯೋ ಎಂದು ಪಕ್ಕದ ಕೋಣೆಯಲ್ಲೇ ಕೂತು ಹೇಳುತ್ತೇವೆ. ಏಳನೇ ತರಗತಿಯ ಗಲಾಟೆ ಹೊಡೆದಾಟದ್ದೋ ನಗುವಿನದ್ದೋ ಎಂದು ನಾನು ಸ್ಟಾಫ್ ರೂಮಿನಿಂದಲೇ ತಿಳಿಯಬಲ್ಲೆ. ಇಂಥ ಕಿವಿಗೆ ಜೀಪಿನ ಸದ್ದು ಮಾತ್ರ ಅರ್ಥವಾಗುವುದಿಲ್ಲವೇ? 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಗಂಡ ಮಾಡಿದ ಮೋಟಾರು ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ತವರೂರಿಗೆ ಹೊರಟುಬಿಟ್ಟಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಅಂಥವಳ ವಂಶ ನಮ್ಮದು ಎಂದುಕೊಂಡು ನಾನೇ ಕಲಿಯಲು ಕೂತೆ.

ಸದ್ದು ಬರುತ್ತಿದ್ದುದು ಡಿಫರೆನ್ಷಿಯಲ್ಲಿನಿಂದ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಭಾಗ ನೋಡಿದ್ದೀರಲ್ಲ, ಅದೇ. ಫೋರ್ ವೀಲ್ ಜೀಪಿಗೆ ಮುಂದೆಯೂ ಇಂಥದೊಂದು ಇರುತ್ತದೆ. ಆಗಸ್ಟ್ 15ಕ್ಕೆ ಮಕ್ಕಳಿಗೆ ಕವಾಯತು ಮಾಡಿಸುವ ಯಾವ ಟೀಚರಿಗೂ ಇದರ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಸಾಲು ತಿರುಗುವಾಗ ಒಳಗಿನ ಮಗು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಗಿನ ಮಗು ದಾಪುಗಾಲಿಡಬೇಕು. ತಿರುವಿನಲ್ಲಿ ಜೀಪಿನ ಚಕ್ರಗಳ ಪಾಡೂ ಅದೇ. ಎರಡಕ್ಕೂ ಬಲ ಹಂಚಿ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಒಳಗಿನ ಸಣ್ಣ ಹಲ್ಲುಗಾಲಿಗಳ ಕೆಲಸ. ಇಂಜಿನ್ನಿನ ಬಲವನ್ನು ಅಲ್ಲಿಗೆ ತಲುಪಿಸುವುದು ಕ್ರೌನು ಮತ್ತು ಪಿನಿಯನ್ನು ಎಂಬ ದೊಡ್ಡ ಜೋಡಿ. ಇವೆರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೊಂದಿಸಿಯೇ ಕಳಿಸುತ್ತಾರೆ. ಒಂದು ಕೆಟ್ಟರೆ ಎರಡನ್ನೂ ಬದಲಿಸಬೇಕು. ಹಳೆಯದಕ್ಕೆ ಹೊಸದನ್ನು ಗಂಟುಹಾಕಿದರೆ ಆ ಸಂಸಾರ ಜಗಳದಲ್ಲೇ ಮುಗಿಯುತ್ತದೆ.

ಎಲ್ಲ ಸದ್ದೂ ಇಲ್ಲಿಯದೇ ಅಲ್ಲ ಎಂದು ಒಪ್ಪುತ್ತೇನೆ. ಕೆಸರಿನ ದಪ್ಪ ಗೆರೆಯ ಟೈರುಗಳು ಡಾಂಬರಿನ ಮೇಲೆ ಗೊಣಗುತ್ತವೆ, ಮಣ್ಣಿನ ದಾರಿಗೆ ಇಳಿದರೆ ರಾಗ ಬದಲಿಸುತ್ತವೆ. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಅವಕ್ಕೆ ಒಂದೇ. ಸ್ಟಿಯರಿಂಗ್ ಎಡಕ್ಕೆ ಬಲಕ್ಕೆ ವಾಲಿಸಿದಾಗ ಸದ್ದು ಹೆಚ್ಚು ಕಡಿಮೆಯಾದರೆ ಚಕ್ರದ ಬೇರಿಂಗಿನ ಮೇಲೆ ಅನುಮಾನ. ಹೊರಡುವಾಗ, ಗೇರು ಬದಲಿಸುವಾಗ ಟಣ್ ಎಂದು ಒದ್ದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸ್ ಸವೆದಿರಬಹುದು. ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಡಿಫರೆನ್ಷಿಯಲ್ಲಿನ ಸಣ್ಣ ಹಲ್ಲುಗಾಲಿಗಳು. ಒತ್ತಿದಾಗ ಒಂದು, ಬಿಟ್ಟಾಗ ಇನ್ನೊಂದು ಎಂದು ನಮ್ಮದರಂತೆ ರಾಗ ಬದಲಾದರೆ ಕ್ರೌನು, ಪಿನಿಯನ್ನು, ಇಲ್ಲವೇ ಪಿನಿಯನ್ನನ್ನು ಹಿಡಿದಿರುವ ಬೇರಿಂಗು. ಖಾಲಿ ಇರುವ ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ನೋಡಿದೆ. ಇಂಜಿನ್ ತಣ್ಣಗಾದರೂ ಗರಗರ ಗಾಡಿಯ ವೇಗದ ಜೊತೆಯೇ ಓಡಿತು. ಅಂದರೆ ಇಂಜಿನ್ನಿನ ತಪ್ಪಲ್ಲ. ಇದನ್ನು ಇಳಿಜಾರಿನಲ್ಲಿ ಮಾತ್ರ ದಯವಿಟ್ಟು ಮಾಡಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಯಜಮಾನರಿಗೂ ಸದ್ದು ಕೇಳಿಸತೊಡಗಿತು. ಆದರೆ ಅವರು ತಂದ ಪರಿಹಾರ ನೋಡಿ! ಪರಿಚಯದ ಬ್ರೋಕರ್ ಒಬ್ಬರು ಮನೆಗೇ ಬಂದರು. "ರಿಪೇರಿಗೆ ದುಡ್ಡು ಯಾಕೆ ಸುರೀತೀರ ಸಾರ್? ದಪ್ಪ ಆಯಿಲ್ ಹಾಕಿ, ಜೊತೆಗೊಂದಿಷ್ಟು ಮರದ ಹೊಟ್ಟು ಸೇರಿಸಿ. ಬಾಳೆಹಣ್ಣಿನ ಸಿಪ್ಪೆ ಆದ್ರೂ ನಡೆಯತ್ತೆ. ಒಂದು ತಿಂಗಳು ಉಸಿರೆತ್ತಲ್ಲ. ಅಷ್ಟರಲ್ಲಿ ಮಾರಿಬಿಡೋಣ, ಪಾರ್ಟಿ ರೆಡಿ ಇದಾರೆ."

ಪಾರ್ಟಿ ಯಾರೆಂದು ಕೇಳಿದೆ. ಕೆಳಗಿನ ಎಸ್ಟೇಟಿನಿಂದ ಕೂಲಿ ಹೆಂಗಸರನ್ನೂ ಶಾಲೆಯ ಮಕ್ಕಳನ್ನೂ ಪೇಟೆಗೆ ತರುವ ಬಾಡಿಗೆ ಜೀಪಿನವನಂತೆ. ಆ ಮಕ್ಕಳು ಇನ್ಯಾರೂ ಅಲ್ಲ, ನನ್ನ ತರಗತಿಯಲ್ಲಿ ಕೂರುವವರೇ.

ನಮ್ಮದರಂಥ ಹಳೆಯ ಮಾದರಿಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಶಾಫ್ಟಿಗೂ ಚಕ್ರಕ್ಕೂ ಇರುವ ನಂಟು ಈ ಡಿಫರೆನ್ಷಿಯಲ್ ಒಂದೇ. ಅದರ ಹಲ್ಲು ಮುರಿದ ದಿನ ಹ್ಯಾಂಡ್ ಬ್ರೇಕು ಎಳೆದರೂ ಹಿಂದಿನ ಚಕ್ರ ನಿಲ್ಲುವುದಿಲ್ಲ, ಗೇರಿನಲ್ಲಿಟ್ಟರೂ ಇಂಜಿನ್ ಅದನ್ನು ತಡೆಯುವುದಿಲ್ಲ. ಉಳಿಯುವುದು ಕಾಲಿನ ಬ್ರೇಕು ಮಾತ್ರ. ಪಿನಿಯನ್ ಬೇರಿಂಗ್ ಕಚ್ಚಿಕೊಂಡರೆ ಹಿಂದಿನ ಚಕ್ರಗಳು ಓಡುತ್ತಿರುವಾಗಲೇ ಬಿಗಿದು ನಿಲ್ಲಬಹುದು. ಒಂದು ಕಡೆ ಧರೆ, ಇನ್ನೊಂದು ಕಡೆ ಪ್ರಪಾತವಿರುವ ತಿರುವಿನಲ್ಲಿ ಹತ್ತು ಮಕ್ಕಳನ್ನು ತುಂಬಿಕೊಂಡ ಜೀಪಿಗೆ ಇದರ ಅರ್ಥವೇನು? ಬರಲಿದೆಯೆಂದು ಮೊದಲೇ ಕೂಗಿ ಹೇಳುತ್ತಿದ್ದ ಸದ್ದಿನ ಬಾಯಿಗೆ ಇವರು ಬಾಳೆಸಿಪ್ಪೆ ತುರುಕಲು ಹೊರಟಿದ್ದರು.

ಆ ದಿನ ಮನೆಯಲ್ಲಿ ನಡೆದ ಮಾತುಕತೆಯನ್ನು ಬರೆಯುವುದಿಲ್ಲ. "ಬೇರೆಯವರ ಗಾಡಿ ಆದ್ಮೇಲೆ ಬೇರೆಯವರ ತಲೆನೋವು" ಎಂದು ಮೈದುನ ಅಂದ. "ಹಾಗಾದ್ರೆ ಆ ಜೀಪಲ್ಲಿ ನಾಳೆಯಿಂದ ನಿನ್ನ ಮಗಳನ್ನ ಕಳಿಸು" ಎಂದೆ. ಮಾತು ಅಲ್ಲಿಗೆ ನಿಂತಿತು.

ಬೇರೊಂದು ಊರಿನ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆವು. ಆತ ಏನೂ ಹೇಳದೆ ನನ್ನನ್ನೇ ಓಡಿಸಲು ಹೇಳಿ, ಹಿಂದೆ ಕೂತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಎಣ್ಣೆ ಬಿಚ್ಚಿದರು. ಜೇನುತುಪ್ಪದ ಹಾಗೆ ಇರಬೇಕಾದ ಎಣ್ಣೆ ಹಾಲು ಬೆರೆಸಿದ ಕಾಫಿಯ ಹಾಗೆ ಬಂತು. "ನೀರು ಕುಡ್ದಿದೆ ಅಮ್ಮ" ಎಂದರು. ಡಿಫರೆನ್ಷಿಯಲ್ಲಿನ ತಲೆಯ ಮೇಲೆ ಉಸಿರಾಡಲು ಒಂದು ಸಣ್ಣ ಬ್ರೀದರ್ ಇರುತ್ತದೆ. ನಮ್ಮದು ಕೆಸರು ತುಂಬಿ ಕಲ್ಲಾಗಿತ್ತು. ಓಡಿ ಬಿಸಿಯಾದ ಕಬ್ಬಿಣ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮುಚ್ಚಿದ್ದರಿಂದ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಂಡಿತ್ತು. ಇಡೀ ಮಳೆಗಾಲ ಹೀಗೆ. ಪಿನಿಯನ್ನಿನ ಬೇರಿಂಗು ಸಿಡುಬಿನ ಮುಖದ ಹಾಗೆ ಕುಳಿಬಿದ್ದಿತ್ತು. ಹಲ್ಲುಗಳು ಪುಣ್ಯಕ್ಕೆ ಮುರಿದಿರಲಿಲ್ಲ. ಐದು ತಿಂಗಳ ಹಿಂದೆ ಎಣ್ಣೆ ಬದಲಿಸಿದ್ದರೆ ಇಷ್ಟೊಂದು ಕೆಲಸ ಬೀಳುತ್ತಿರಲಿಲ್ಲ ಎಂದು ಅವರೇ ಹೇಳಿದರು. ನಾನು ಯಜಮಾನರ ಮುಖ ನೋಡಿದೆ. ಅವರು ಬ್ರೀದರ್ ನೋಡುತ್ತಿದ್ದರು.

ಬೇರಿಂಗು, ಸೀಲು, ಹೊಸ ತೊಂಬತ್ತು ನಂಬರ್ ಗೇರ್ ಆಯಿಲ್. ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿ, ಒಂದರ ಗುರುತು ಇನ್ನೊಂದರ ಮೇಲೆ ಎಲ್ಲಿ ಬೀಳುತ್ತದೆಂದು ನೋಡಿ, ಕಾಗದದಷ್ಟು ತೆಳುವಾದ ಶಿಮ್ಮುಗಳನ್ನು ಇಟ್ಟು ತೆಗೆದು ಎರಡು ದಿನ ಹೊಂದಿಸಿದರು. ಗರಗರ ಹೋಯಿತು. ನಲವತ್ತೈದರ ವೇಗದಲ್ಲಿ ಸಣ್ಣದೊಂದು ಗುಂಯ್ ಮಾತ್ರ ಉಳಿದಿದೆ. "ಹಲ್ಲು ಸ್ವಲ್ಪ ಸವೆದಿದೆ, ಅದನ್ನ ಮುಚ್ಚಿಡಲ್ಲ. ಜೋರಾದ್ರೆ ಬನ್ನಿ" ಎಂದರು. ಇದು ರಿಪೇರಿಯವನ ಮಾತು.

ಸದ್ದು ನಿಲ್ಲಿಸುವುದಕ್ಕೆ ಎರಡು ದಾರಿ. ಕಾರಣ ಹುಡುಕಿ ಸರಿಮಾಡುವುದು ಒಂದು, ಬಾಯಿ ಮುಚ್ಚಿಸುವುದು ಇನ್ನೊಂದು. ಮೊದಲನೆಯದಕ್ಕೆ ಕಿವಿಯೂ ತಾಳ್ಮೆಯೂ ಬೇಕು, ಎರಡನೆಯದಕ್ಕೆ ಒಂದು ಹಿಡಿ ಹೊಟ್ಟು ಸಾಕು. ಬೆತ್ತ ಹಿಡಿದು ನಿಂತರೆ ತರಗತಿಯೂ ಗಪ್‌ಚಿಪ್. ಪಾಠ ಅರ್ಥವಾಯಿತೆಂದು ಅದರರ್ಥವೇ? ಸೊಂಟನೋವೆಂದ ಅತ್ತೆಗೆ ವಯಸ್ಸಾಯಿತೆಂದದ್ದು, ಹೊಟ್ಟೆನೋವೆಂದ ಸೊಸೆಗೆ ಮನಸ್ಸಿನ ಭ್ರಮೆಯೆಂದದ್ದು ಇದೇ ಜಾಣರ ಬಳಗವಲ್ಲವೇ? ನಾವೂ ಕಡಿಮೆಯಿಲ್ಲ. ನಮಗೆ ಗೊತ್ತಾಗಲ್ಲ ಎಂದು ಅವರು ಹೇಳುವ ಮೊದಲೇ ನಾವೇ ಹೇಳಿಬಿಡುತ್ತೇವೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ನಿಮ್ಮ ಮನೆಯ ಗಾಡಿ ನೀರಿಗಿಳಿದು ಬಂದರೆ ಡಿಫರೆನ್ಷಿಯಲ್ಲಿನ ಎಣ್ಣೆ ನೋಡಿಸಿ, ಬ್ರೀದರ್ ತೊಳೆಸಿ. ಹೊಸ ಸದ್ದು ಕೇಳಿದರೆ ಯಾವಾಗ, ಎಷ್ಟು ವೇಗದಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆಗಲೂ "ಸಾರ್ ಬರ್ಲಿ" ಎಂದರೆ, ಗಾಡಿ ತಿರುಗಿಸಿಕೊಂಡು ಬೇರೆ ಗ್ಯಾರೇಜಿಗೆ ಹೋಗಿ.